ಹೊರಗಿನ ಬೆಂಚು

ಅಥವಾ ಆ ಬೇವಿನ ಮರ ಅಲ್ಲಿ ಇರಲೇ ಇಲ್ಲವೇನೋ. ಬೈಲಹೊಂಗಲದಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಆ ಜಿನ್ನಿನ ಅಂಗಳವನ್ನು ನೆನೆದಾಗೆಲ್ಲ ಮೊದಲು ಮರವೇ ಬರುತ್ತದೆ. ಅದರ ಕೆಳಗೆ ಬೆಂಚು, ಬೆಂಚಿನ ಮೇಲೆ ಕರಿ ಕೋಟು ಹಾಕಿಕೊಂಡ ಅವರು. ಆದರೆ ಬಿಸಿಲಿನಲ್ಲಿ ಅವರು ಕೊಡೆ ಬಿಚ್ಚಿಕೊಂಡು ಕುಳಿತದ್ದೂ ನೆನಪಿದೆ. ಮರವಿದ್ದರೆ ಕೊಡೆ ಯಾಕೆ? ಎರಡರಲ್ಲಿ ಒಂದು ಸುಳ್ಳು. ಅವರಿಗೆ ನೆರಳು ಇರಲೆಂದು ಆಮೇಲೆ ನಾನೇ ಮರ ನೆಟ್ಟಿರಬೇಕು. ಈಗ ಅಲ್ಲಿ ಲಾರಿ ನಿಲ್ಲಲು ಸಿಮೆಂಟು ಹಾಕಿದ್ದಾರೆ. ಮರ ಕಡಿದರು ಎನ್ನುವವರೂ ಇದ್ದಾರೆ, ಮರ ಎಲ್ಲಿತ್ತು ಎಂದು ಕೇಳುವವರೂ ಇದ್ದಾರೆ.

ನಡುವೆ ಹೋಗಿರುವುದು ಬರೀ ನಾಲ್ಕೈದು ವರ್ಷ. ಇಷ್ಟರಲ್ಲೇ ಹೀಗಾಗಿದೆ.

ಹೋದ ವಾರ ಹತ್ತಿ ತಂದ ಸಾಲಹಳ್ಳಿಯ ರೈತರೊಬ್ಬರು ಕಚೇರಿಯ ಕಿಟಕಿಯ ಹತ್ತಿರ ನಿಂತು, ಬೇರೇನೋ ಹೇಳುತ್ತ ಹೇಳುತ್ತ, "ನಿಮ್ಮಲ್ಲಿ ಹತ್ತಿ ನೋಡ್ತಿದ್ನಲ್ಲ, ಅಂವ ತೀರಿಹ್ವಾದ, ಗೊತ್ತಾತೇನ್ರಿ?" ಎಂದರು. ನಾನು ಬರೆಯುತ್ತಿದ್ದ ಸಾಲನ್ನು ಮುಗಿಸಿಯೇ ತಲೆ ಎತ್ತಿದೆ. ಇದು ನಿಜ, ಯಾಕೆಂದರೆ ಆ ಸಾಲು ಜಿನ್ನಿನ ಲೆಕ್ಕದ ಪುಸ್ತಕದಲ್ಲಿ ಇದೆ, ಒಂದು ಅಕ್ಷರವೂ ಅಲುಗಿಲ್ಲ.

ಬೆಂಚಿನ ಮೇಲಿನ ಅವರ ಕೆಲಸವನ್ನು ಹೇಳಬೇಕು. ಸುಗ್ಗಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಹತ್ತಿಯ ಗಾಡಿಗಳು ಬರುತ್ತಿದ್ದವು. ಬಂದ ಗಾಡಿ ಮೊದಲು ಅವರ ಮುಂದೆ ನಿಲ್ಲಬೇಕು. ಅವರು ಅಂಗಿಯ ತೋಳು ಮಡಚಿ ಹತ್ತಿಯ ಒಳಗೆ ಭುಜದವರೆಗೆ ಕೈ ತೂರಿಸುತ್ತಿದ್ದರು. ಮೇಲಿನ ಹತ್ತಿಯನ್ನು ನೋಡುತ್ತಲೇ ಇರಲಿಲ್ಲ. ಒಳಗಿನಿಂದ ಒಂದು ಹಿಡಿ ಎಳೆದು, ಎಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಗ್ಗಿಸಿ ಜಯಧರವೋ ಲಕ್ಷ್ಮಿಯೋ ವರಲಕ್ಷ್ಮಿಯೋ ಎಂದು ತಳಿ ಹೇಳುತ್ತಿದ್ದರು. ಆಮೇಲೆ ಒಂದು ಹತ್ತಿಕಾಳನ್ನು ಹಲ್ಲಿಗಿಟ್ಟು ಕಡಿದು, ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದರು. ಒಣಗಿದ ಕಾಳು ಟಕ್ಕೆಂದು ಒಡೆಯುತ್ತದೆ. ನೀರು ಕುಡಿದದ್ದು ಸಪ್ಪಳವಿಲ್ಲದೆ ಚಪ್ಪಟೆಯಾಗುತ್ತದೆ. ನನಗೂ ಕಲಿಸಲು ನೋಡಿದರು. ನನಗೆ ಯಾವ ಕಾಳಿನಲ್ಲೂ ಏನೂ ಕೇಳಿಸಲಿಲ್ಲ.

ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸಿ ತರುವವರು ಇದ್ದರು. ಮುನವಳ್ಳಿಯ ಗೌಡರೊಬ್ಬರ ಗಾಡಿ ಬಂದಾಗ ನಡೆದ ಮಾತು ಇದು:

"ಎಷ್ಟ ನೀರ ಕುಡಿಸೀರಿ ಗೌಡ್ರ?"

"ನೀರ ಎಲ್ಲಿದೋ? ಬೆಳಗಿನ ಮಂಜ ಬಿದ್ದೈತಿ."

"ಮಂಜ ಮ್ಯಾಲಿಂದ ಬೀಳತೈತ್ರಿ. ಇದು ಮ್ಯಾಲ ಒಣಗೇತಿ, ನಡುವ ಹಸಿ ಐತಿ. ನಿಮ್ಮೂರ ಮಂಜ ಗಾಡಿ ಒಳಗ ಹೊಕ್ಕು ಮಲಗತೈತೇನ್ರಿ?"

ಗಾಡಿಯ ಹಿಂದೆ ನಿಂತವರೆಲ್ಲ ನಕ್ಕರು. ಗೌಡರೂ ನಕ್ಕರು. ನಕ್ಕು, "ಭಾಳ ಶಾಣ್ಯಾ ಅದೀ ಬಿಡು" ಎಂದರು. ಅವರು 'ರಿ' ಎಂದದ್ದು, ಗೌಡರು 'ಅದೀ' ಎಂದದ್ದು ಆಗ ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಕಡೆ ಅದು ಗಾಳಿ ಇದ್ದ ಹಾಗೆ.

ನಾನು ಅವರನ್ನು ಏನೆಂದು ಕರೆಯುತ್ತಿದ್ದೆ? ನೆನಪಿಲ್ಲ. ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ, ಮುಂದೆ ಬರುವ ಮಾತುಗಳಲ್ಲಿ ನನ್ನ ಬಾಯಿಗೆ 'ರಿ' ಹಾಕುತ್ತಿದ್ದೇನೆ. ಆಗ ಹಾಗೆ ಇರಲಿಕ್ಕಿಲ್ಲ. ಅವರು ನನ್ನ ಅಪ್ಪನ ವಯಸ್ಸಿನವರು. ಅವರ ಓಣಿ ಊರ ಹೊರಗಿತ್ತು, ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ನಾನು ಲಿಂಗ ಕಟ್ಟಿದ ಮನೆಯ ಹುಡುಗ. ಇಷ್ಟು ಹೇಳಿದರೆ ನಮ್ಮ ಕಡೆಯ ಓದುಗರಿಗೆ ಸಾಕು.

ಅವರ ಹತ್ತಿರ ನಾನು ಹೋದದ್ದು ಒಂದು ಪತ್ರ ಬಂದದ್ದರಿಂದ. ಧಾರವಾಡದಲ್ಲಿ ಪದವಿ ಮುಗಿಸಿ ಎರಡು ವರ್ಷ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಮುಂಬಯಿಯ ಒಂದು ಸಲಹಾ ಸಂಸ್ಥೆ ಹೊಸ ಪದವೀಧರರನ್ನು ತೆಗೆದುಕೊಳ್ಳುತ್ತಿತ್ತು. ಕಾರಖಾನೆಗಳಿಗೆ ಹೋಗಿ, ಎಲ್ಲಿ ಕೆಲಸ ಕುಂಟುತ್ತಿದೆ ಎಂದು ನೋಡಿ, ಹೀಗೆ ಮಾಡಿರಿ ಎಂದು ಹೇಳುವ ಸಂಸ್ಥೆ. "ಬರೇ ಹೇಳೂದಕ್ಕ ಪಗಾರ ಕೊಡ್ತಾರ?" ಎಂದು ಅಪ್ಪ ಪತ್ರವನ್ನು ಎರಡು ಸಲ ಓದಿಸಿದರು. ಅದರಲ್ಲಿ ಹೀಗಿತ್ತು: ನಿಮ್ಮ ಸುತ್ತಲಿನ ಯಾವುದಾದರೂ ಒಂದು ಉದ್ಯಮವನ್ನು ಸ್ವತಃ ನೋಡಿ, ಅದರ ತೊಂದರೆ, ತೊಂದರೆಯ ಕಾರಣ, ನಿಮ್ಮ ಸಲಹೆ ಇವನ್ನು ಆರು ಪುಟ ಮೀರದಂತೆ ಇಂಗ್ಲಿಷಿನಲ್ಲಿ ಬರೆದು ತರಬೇಕು. ಮೂವರ ಸಮಿತಿ ಅದರ ಮೇಲೆ ಪ್ರಶ್ನೆ ಕೇಳುತ್ತದೆ. ಮೂರು ವಾರ ಸಮಯವಿತ್ತು.

ಅದು ಆಗದಿದ್ದರೆ ಏನು ಎಂಬುದೂ ಗೊತ್ತಾಗಿಬಿಟ್ಟಿತ್ತು. ಜಿನ್ನಿನ ಕಚೇರಿಯ ಮುದುಕ ಗುಮಾಸ್ತರಿಗೆ ಕಣ್ಣು ಮಂಜಾಗಿತ್ತು. ಯುಗಾದಿಗೆ ಕೆಲಸ ಬಿಡುವವರಿದ್ದರು. ಆ ಕುರ್ಚಿ ನನಗೆ ಎಂದು ಅಪ್ಪನೂ ಜಿನ್ನಿನ ಒಡೆಯ ಸಾಹುಕಾರರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಾಡಿ ಮುಗಿಸಿದ್ದರು. "ಮುಂಬೈ ಆದ್ರ ಆಗಲಿ. ಇಲ್ಲಂದ್ರ ಇದು ಐತೆಲ್ಲ" ಎನ್ನುತ್ತಿದ್ದರು ಅಪ್ಪ, ಸಮಾಧಾನ ಹೇಳುವ ಧ್ವನಿಯಲ್ಲಿ. ಆ 'ಐತೆಲ್ಲ' ಕೇಳಿದಾಗೆಲ್ಲ ನನಗೆ ಕಚೇರಿಯ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಆ ಕಿಟಕಿಯ ಒಳಗೆ ಮೂವತ್ತು ವರ್ಷ ಕುಳಿತ ಗುಮಾಸ್ತರ ಬೆನ್ನು ಕುರ್ಚಿಯ ಆಕಾರಕ್ಕೇ ಬಾಗಿತ್ತು.

ಅವರ ಹತ್ತಿರ ಹೋಗು ಎಂದದ್ದೂ ಅಪ್ಪನೇ. "ಜಿನ್ನಿನ್ಯಾಗ ಹತ್ತಿ ನೋಡ್ತಾನಲ್ಲ, ಅಂವ ಮುಂಬೈದಾಗ ಇದ್ದು ಬಂದಾಂವ. ಸಾಹೇಬ್ರ ಹೆಂಗ ಕೇಳ್ತಾರ ಅಂತ ಅಂವಗ ಗೊತ್ತಿರತೈತಿ."

ಅವರು ಮುಂಬಯಿಯಲ್ಲಿ ಹತ್ತಿಯ ದರ್ಜೆ ನೋಡುವ ಕಡೆ ಒಂಬತ್ತು ವರ್ಷ ಕೆಲಸ ಮಾಡಿದ್ದರು. ಇಂಗ್ಲಿಷ್ ಓದುತ್ತಿದ್ದರು. ಯಾಕೆ ತಿರುಗಿ ಬಂದಿರಿ ಎಂದರೆ ಒಮ್ಮೆ ತಾಯಿಗೆ ಜಡ್ಡು ಎಂದರು, ಒಮ್ಮೆ ಮುಷ್ಕರ ಎಂದರು, ಒಮ್ಮೆ ಅಲ್ಲಿಯ ಹವಾ ಹಿಡಿಯಲಿಲ್ಲ ಎಂದರು. ಮೂರನ್ನೂ ಒಂದೇ ಮುಖ ಇಟ್ಟುಕೊಂಡು ಹೇಳಿದರು.

ನಾನು ಪತ್ರ ತೋರಿಸಿದ ದಿನ ಅವರು ಅದನ್ನು ಬೆಳಕಿಗೆ ಹಿಡಿದು ಓದಿದರು, ಹತ್ತಿಯ ಎಳೆ ನೋಡುವ ಹಾಗೆ. "ಯಾವ ಫ್ಯಾಕ್ಟರಿ ನೋಡ್ತೀರಿ?" ಎಂದರು. ರಾಮದುರ್ಗದ ಮಗ್ಗಗಳು ಎಂದೆ. "ಮಗ್ಗದ ಬಗ್ಗೆ ಏನ ಗೊತ್ತೈತಿ?" ಏನೂ ಇಲ್ಲ ಎಂದೆ. "ಮತ್ತ ಅಷ್ಟ ದೂರ ಯಾಕ ಹೋಗ್ತೀರಿ? ಇಲ್ಲೇ ಕಣ್ಣಮುಂದ ಒಂದು ಕುಂಟಾಕ ಹತ್ತೇತಲ್ಲ."

ಹೌದು, ಕುಂಟುತ್ತಿತ್ತು. ಬೆಳಿಗ್ಗೆ ಗೇಟಿನ ಹೊರಗೆ ಸಾಲುಗಟ್ಟಿ ಗಾಡಿಗಳು, ಒಳಗೆ ಹತ್ತಿಯಿಲ್ಲದೆ ನಿಂತ ಯಂತ್ರಗಳು. ಯಂತ್ರಗಳಿಗೆ ಹತ್ತಿ ಉಣಿಸುವ ಹೆಂಗಸರು ಗೋಡೆಗೆ ಒರಗಿ ಕುಳಿತಿರುತ್ತಿದ್ದರು. ಅವರಲ್ಲಿ ನೀಲವ್ವ ಎಂಬಾಕೆಗೆ ಬಾಯಿ ದೊಡ್ಡದು. ನಮ್ಮ ಅಭ್ಯಾಸವನ್ನೆಲ್ಲ ಆಕೆ ನೋಡಿದ್ದಾಳೆ.

ಅಭ್ಯಾಸ ಹೀಗೆ ನಡೆಯುತ್ತಿತ್ತು. ಮಧ್ಯಾಹ್ನ ಗಾಡಿ ಕಡಿಮೆಯಾದಾಗ ಅವರು ಹುಬ್ಬಿನ ಮೇಲಿನ ಹತ್ತಿಯ ನವಿರು ಒರೆಸಿಕೊಂಡು, ಕೋಟಿನ ಗುಂಡಿ ಹಾಕಿ, ಮೂವರು ಸಾಹೇಬರಾಗುತ್ತಿದ್ದರು. ಬೆಂಚಿನ ನಡುವೆ ಕುಳಿತರೆ ಸಿಹಿ ಮಾತಿನ ಸಾಹೇಬ. ಎಡಕ್ಕೆ ಸರಿದರೆ ತೂಕಡಿಸುವವನು. ಬಲಕ್ಕೆ ಸರಿದರೆ ಕಡಿಯುವವನು.

"ಯಂಗ್ ಮ್ಯಾನ್, ಯಾವೂರು ನಿನ್ದು?"

"ಬೈಲಹೊಂಗಲರಿ."

"ಎಷ್ಟ ಮಂದಿ ಅದಾರ ಅಲ್ಲಿ?"

"ಗೊತ್ತಿಲ್ರಿ."

ತಟ್ಟನೆ ಬಲಕ್ಕೆ ಸರಿದು: "ಹುಟ್ಟಿದ ಊರಾಗ ಎಷ್ಟ ಮಂದಿ ಅದಾರಂತ ಗೊತ್ತಿಲ್ಲ, ನನ್ನ ಫ್ಯಾಕ್ಟರಿ ಹೆಂಗ ನಡಸಬೇಕಂತ ಹೇಳಾಕ ಬಂದೀ?"

ನನ್ನ ಮುಖ ಕೆಂಪಾಗುತ್ತಿತ್ತು. ಅವರು ನಡುವಿಗೂ ಅಲ್ಲ ಎಡಕ್ಕೂ ಅಲ್ಲ, ಬೆಂಚಿನಿಂದ ಇಳಿದು ನೆಲಕ್ಕೆ ಕುಳಿತು, ತಮ್ಮ ಧ್ವನಿಯಲ್ಲಿ ಹೇಳುತ್ತಿದ್ದರು: "ಸಿಟ್ಟಿಗೆ ಬರಬ್ಯಾಡ್ರಿ. ಬಲಗಡೆ ಸಾಹೇಬ ಹಂಗ ಅದಾನ."

"ಮೂರು ಮಂದಿ ಸಾಹೇಬ್ರಿಗೂ ಕೂಡೇ ಒಂದ ಕೋಟೇನ್ರಿ?" ಎಂದು ನೀಲವ್ವ ಗೋಡೆಯ ಕಡೆಯಿಂದ ಕೂಗುತ್ತಿದ್ದಳು.

ಸಾಹೇಬರಾದಾಗ ಮಾತ್ರ ಅವರು ನನಗೆ 'ನೀನು' ಎನ್ನುತ್ತಿದ್ದರು. ಇಳಿದರೆ ಮತ್ತೆ 'ರಿ'. ಆ ಮೂರು ವಾರದಲ್ಲಿ ಒಮ್ಮೆಯೂ ಇವೆರಡನ್ನು ಕಲಸಲಿಲ್ಲ.

ಅವರ ಪಾಠ ಒಂದೇ. ಪೈಲೆ ಕೇಳ್ರಿ, ಆಮ್ಯಾಲೆ ಹೇಳ್ರಿ. ಗೊತ್ತಿದ್ದದ್ದನ್ನೂ ಕೇಳ್ರಿ. ನಾನು ಅಪ್ಪನ ಕೈಗಡಿಯಾರ ಕಟ್ಟಿಕೊಂಡು ಮೂರು ದಿನ ಅಂಗಳದಲ್ಲಿ ನಿಂತು ಪ್ರತಿ ಗಾಡಿಗೆ ಎಷ್ಟು ಹೊತ್ತಾಗುತ್ತದೆ ಎಂದು ಬರೆದುಕೊಂಡೆ. ಎರಡು ಸಾಲು ಹಾಕಿದ್ದೆ. ಮೊದಲ ಸಾಲಿನಲ್ಲಿ ಅವರು ಗಾಡಿ ನೋಡುವ ಹೊತ್ತು: ಏಳು, ಎಂಟು ನಿಮಿಷ. ಎರಡನೆಯ ಸಾಲು ಚೀಟಿಯದು.

ಚೀಟಿಯ ಸಂಗತಿ ಹೀಗೆ. ಗಾಡಿ ನೋಡಿದ ಮೇಲೆ ಅವರು ಹತ್ತಿಯ ಜಾತಿ, ಹಸಿಯೋ ಒಣಗಿದ್ದೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯುತ್ತಿದ್ದರು. ಅದು ಕಚೇರಿಯ ಗುಮಾಸ್ತರ ಕೈ ಸೇರಿದ ಮೇಲೆಯೇ ಗಾಡಿ ತೂಕಕ್ಕೆ ಹೋಗಬೇಕು. ರೈತನ ಕೈಗೆ ಚೀಟಿ ಕೊಡುವಂತಿರಲಿಲ್ಲ, ತಿದ್ದುತ್ತಾನೆ ಎಂಬ ಅನುಮಾನ ಸಾಹುಕಾರರಿಗೆ. ಚೀಟಿ ಬರೆದ ಅವರು ಕಚೇರಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಗುಮಾಸ್ತರು ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನೂ ಯಾರೂ ಹೇಳಿರಲಿಲ್ಲ. ಮೆಟ್ಟಿಲ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಚೀಟಿ ಇಟ್ಟು, ಅದರ ಮೇಲೊಂದು ಹರಳು ಇಟ್ಟು ಅವರು ಹಿಂದೆ ಸರಿಯಬೇಕು. ಗುಮಾಸ್ತರು ತಮಗೆ ಮನಸ್ಸಾದಾಗ, ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಳಿದು ಬಂದು ಎತ್ತಿಕೊಳ್ಳಬೇಕು. ಹದಿನೈದು ನಿಮಿಷ, ಇಪ್ಪತ್ತು ನಿಮಿಷ, ಗುಮಾಸ್ತರಿಗೆ ಜೋಂಪು ಹತ್ತಿದರೆ ಅರ್ಧ ತಾಸು.

"ಚೀಟಿ ಕಲ್ಲ ಮ್ಯಾಲ ಕಾವಿಗಿ ಕುಂತೈತಿ. ಮರಿ ಮಾಡೀನ ಏಳತೈತಿ" ಎನ್ನುತ್ತಿದ್ದಳು ನೀಲವ್ವ.

ಚಹಾದಂಗಡಿಯವನು ಬಂದಾಗ ನನಗೆ ಗಾಜಿನ ಲೋಟ, ಅವರಿಗೆ ಅವರದೇ ಒಂದು ಅಲ್ಯೂಮಿನಿಯಂ ಲೋಟ, ಅದಕ್ಕೆ ಮೇಲಿನಿಂದ ಹೊಯ್ಯುವುದು. ಅವರು ಲೋಟ ಎತ್ತಿ ತೋರಿಸಿ, "ನಂದು ಸ್ವಂತದ್ದು. ನಿಮ್ದು ಬಾಡಿಗಿದು" ಎಂದು ನಕ್ಕದ್ದು ನೆನಪಿದೆ. ನಾನೂ ನಕ್ಕೆ. ನಗಬೇಕೆಂದು ಹೇಳಿದ್ದರೋ, ನಗುತ್ತೇನೆಯೋ ಎಂದು ನೋಡಲು ಹೇಳಿದ್ದರೋ.

ಬರೆಯಲು ಕುಳಿತಾಗ ನಾನು ಮಾಡಿದ್ದು ಇಷ್ಟು. ಎರಡು ಸಾಲುಗಳನ್ನು ಕೂಡಿಸಿ ಒಂದು ಮಾಡಿದೆ. ಅದಕ್ಕೆ 'ಪರೀಕ್ಷೆ' ಎಂದು ಹೆಸರಿಟ್ಟೆ. ಗಾಡಿಯೊಂದರ ಪರೀಕ್ಷೆಗೆ ಸುಮಾರು ಅರ್ಧ ತಾಸು ಹೋಗುತ್ತದೆ, ಯಂತ್ರಗಳು ಅದಕ್ಕಾಗಿಯೇ ಕಾಯುತ್ತವೆ ಎಂದು ಬರೆದೆ. ಸುಳ್ಳಲ್ಲ, ನಿಮಿಷಗಳೆಲ್ಲ ಅಲ್ಲೇ ಇದ್ದವು. ಚೀಟಿ ಯಾಕೆ ಕಲ್ಲಿನ ಮೇಲೆ ಕೂಡುತ್ತದೆ ಎಂದು ಬರೆದರೆ ಅದರ ಕಾರಣವನ್ನೂ ಬರೆಯಬೇಕಿತ್ತು. ಅದು ಸಾಹುಕಾರರ ಕಿವಿಗೆ ಬಿದ್ದರೆ? ಗುಮಾಸ್ತರು ನಮ್ಮ ತಾಯಿಯ ಕಡೆಯ ನೆಂಟರು. ಆ ಕುರ್ಚಿ ನನಗೆ ಬೇಡವಾಗಿತ್ತು, ಆದರೆ ಅದನ್ನು ಕಳೆದುಕೊಳ್ಳುವ ಧೈರ್ಯವೂ ಇರಲಿಲ್ಲ. ಆಗ ಹೀಗೆಲ್ಲ ಯೋಚಿಸಿದೆನೇ? ಇಲ್ಲ. ಆಗ ನನಗೆ ಅನಿಸಿದ್ದು, ಒಂದೇ ಸಾಲು ಇದ್ದರೆ ಕಾಗದ ನೋಡಲು ಚೆಂದ ಎಂದು.

ಸಲಹೆ ತಾನಾಗಿಯೇ ಬಂತು. ಪ್ರತಿ ಗಾಡಿ ನೋಡುವುದು ಬೇಡ. ಹತ್ತಕ್ಕೊಂದು ಗಾಡಿಯಿಂದ ಒಂದು ಬುಟ್ಟಿ ಹತ್ತಿ ಕಚೇರಿಗೆ ತಂದು ಗುಮಾಸ್ತನೇ ನೋಡಲಿ. ಹೊರಗಿನ ಬೆಂಚನ್ನು ತೆಗೆಯಬಹುದು.

ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿದೆ. ಹೊರಡುವ ಹಿಂದಿನ ದಿನ ಸಂಜೆಯ ಬಿಸಿಲಿನಲ್ಲಿ ಅವರು ಆರು ಪುಟಗಳನ್ನೂ ಓದಿದರು. ಮೂರನೆಯ ಪುಟಕ್ಕೆ ಹಿಂದಿರುಗಿ ಹೋದರು.

"ಎರಡ ಸಾಲ ಬರೀತಿದ್ರಲ್ಲ ನೀವು. ಇಲ್ಲಿ ಒಂದ ಆಗೇತಿ."

"ಆರ ಪುಟದಾಗ ಜಾಗಾ ಸಾಲಲಿಲ್ರಿ."

"ಹೌದನ್ರಿ."

"ತಪ್ಪೇನ್ರಿ?"

ಅವರು ಕೋಟಿನ ಗುಂಡಿ ಹಾಕಿಕೊಂಡರು. ಬೆಂಚಿನ ಬಲತುದಿಗೆ ಸರಿದರು.

"ಯಂಗ್ ಮ್ಯಾನ್. ನಿನ್ನ ಸಲಹೆ ಏನು?"

"ಬೆಂಚ ತಗೀಬೇಕ್ರಿ."

"ಕೇಳಸಲಿಲ್ಲ. ಮುಂಬೈದಾಗ ಮ್ಯಾಲ ಫ್ಯಾನ್ ತಿರಗತಿರತೈತಿ. ಜೋರಾಗಿ ಹೇಳು."

"ಬೆಂಚ ತಗೀಬೇಕು."

"ಅಲ್ಲಿ ಕುಂತಾಂವ?"

"ಅವನ ಅವಶ್ಯಕತೆ ಇಲ್ಲ."

"ನೆಲ ನೋಡಬ್ಯಾಡ. ನನ್ನ ಮುಖ ನೋಡಿ ಹೇಳು."

ನೋಡಿ ಹೇಳಿದೆ. ಮೂರು ಸಲ ಹೇಳಿಸಿದರು. ಮೂರನೆಯ ಸಲ ನನ್ನ ಧ್ವನಿ ನಡುಗಲಿಲ್ಲ. ಅವರು ತಲೆಯಾಡಿಸಿ, ಬೆಂಚಿನಿಂದಿಳಿದು, "ಈಗ ಬಂತ ನೋಡ್ರಿ. ಹಿಂಗ ಹೇಳ್ರಿ" ಎಂದರು. ನೀಲವ್ವ ಅಂದು ಏನೂ ಕೂಗಲಿಲ್ಲ. ಅಥವಾ ಆಕೆ ಅಂದು ಬಂದಿರಲಿಲ್ಲ.

ಬೆಳಗಾವಿಯಿಂದ ರೈಲು, ಮೀರಜಿನಲ್ಲಿ ಇಳಿದು ಇನ್ನೊಂದು ರೈಲು. ಮುಂಬಯಿಯ ಆ ಕೋಣೆಯಲ್ಲಿ ನಿಜವಾಗಿಯೂ ಫ್ಯಾನು ತಿರುಗುತ್ತಿತ್ತು. ಸಾಹೇಬರು ಮೂವರಿದ್ದರು. ಆದರೆ ಅವರ ಮುಖಗಳು ನನಗೆ ನೆನಪಿಲ್ಲ. ನೆನೆಯಲು ಹೋದರೆ ಮೂರು ಕುರ್ಚಿಯಲ್ಲೂ ಕರಿ ಕೋಟಿನ ಅವರೇ ಕುಳಿತಿರುತ್ತಾರೆ. ಆದ್ದರಿಂದ ಮುಂದಿನದನ್ನು ಪೂರ್ತಿ ನಂಬಬಾರದು.

ಸಲಹೆಯನ್ನು ಚೆನ್ನಾಗಿಯೇ ಹೇಳಿದೆ. ಧ್ವನಿ ನಡುಗಲಿಲ್ಲ. ಮೂವರಲ್ಲಿ ಚಿಕ್ಕವರು ಮೂರನೆಯ ಪುಟ ತೆಗೆದು, "ಒಂದು ಗಾಡಿ ನೋಡಲು ಒಬ್ಬ ಮನುಷ್ಯ ಅರ್ಧ ತಾಸು ಏನು ಮಾಡುತ್ತಾನೆ?" ಎಂದರು. ಕೈ ತೂರಿಸುವುದು, ಎಳೆ ನೋಡುವುದು, ಕಾಳು ಕಡಿಯುವುದು ಎಲ್ಲ ಹೇಳಿದೆ. "ಇದಕ್ಕೆ ಹತ್ತು ನಿಮಿಷ ಸಾಕು. ಉಳಿದ ಇಪ್ಪತ್ತು?" ಚೀಟಿ ಕಚೇರಿಗೆ ಹೋಗಬೇಕು ಎಂದೆ. "ಎಷ್ಟು ದೂರ?" ಇಪ್ಪತ್ತು ಹೆಜ್ಜೆ ಎಂದೆ. "ಇಪ್ಪತ್ತು ಹೆಜ್ಜೆಗೆ ಇಪ್ಪತ್ತು ನಿಮಿಷ?" ಅವರು ಗದರಿಸಲಿಲ್ಲ. ನಿಜವಾಗಿಯೂ ತಿಳಿಯುವ ಕುತೂಹಲದಿಂದ ಕೇಳಿದರು. "ಅವನು ಯಾಕೆ ತಾನೇ ಒಯ್ದು ಕೊಡುವುದಿಲ್ಲ?"

ಉತ್ತರ ನನ್ನ ಬಾಯಲ್ಲಿತ್ತು. ಇಂಗ್ಲಿಷಿನಲ್ಲೂ ಇತ್ತು. ನಾನು ಹೇಳಿದ್ದು, "ಅಲ್ಲಿಯ ಪದ್ಧತಿ."

"ಪದ್ಧತಿಯನ್ನು ಬದಲಿಸಲು ನಿಮ್ಮ ಸಲಹೆಯೇನು?"

ನಾನು ಮೇಲೆ ತಿರುಗುವ ಫ್ಯಾನು ನೋಡಿದೆ. ಸಿಹಿ ಮಾತಿನವರು ಥ್ಯಾಂಕ್ಯೂ ಎಂದರು.

ಎರಡು ವಾರಕ್ಕೆ ವಿಷಾದದ ಪತ್ರ ಬಂತು. ಅಪ್ಪ ಅದನ್ನು ಓದಿಸಲಿಲ್ಲ, ಲಕೋಟೆಯ ತೆಳುವು ನೋಡಿಯೇ ತಿಳಿದುಕೊಂಡರು. ಯುಗಾದಿಯ ಮರುದಿನ ನನ್ನನ್ನು ಜಿನ್ನಿಗೆ ಕರೆದುಕೊಂಡು ಹೋದರು. ಅಂಗಳದಲ್ಲಿ ಬೆಂಚು ಇರಲಿಲ್ಲ. ಗೇಟಿನ ಹತ್ತಿರ ಬುಟ್ಟಿಗಳಿದ್ದವು. ಸಾಹುಕಾರರು ಗಾದಿಯ ಮೇಲೆ ಕುಳಿತು, "ಬಾರೋ ತಮ್ಮಾ. ನಿನ್ನ ಕಾಗದ ಕೇಳಿ ಭಾಳ ಖುಷಿ ಆತು. ಬೈಲಹೊಂಗಲದಾಗ ಇಂಥಾ ತಲಿ ಐತಂತ ಗೊತ್ತಿರಲಿಲ್ಲ" ಎಂದರು. ಅವರ ಮುಂದಿನ ಡೆಸ್ಕಿನ ಮೇಲೆ ನನ್ನ ಆರು ಪುಟಗಳಿದ್ದವು. ನೀಲಿ ಅಕ್ಷರಗಳು. ಕಾರ್ಬನ್ ಪ್ರತಿ.

ಇದು ಹೇಗಾಯಿತೆಂದು ನೀಲವ್ವನನ್ನು ಕೇಳಿದೆ. ಆಕೆ ಯಂತ್ರಕ್ಕೆ ಹತ್ತಿ ತುಂಬುತ್ತ, ನನ್ನ ಕಡೆ ನೋಡದೆ ಹೇಳಿದಳು: "ಸಾವ್ಕಾರ್ಗ ಇಂಗ್ಲೀಸ್ ಬರೂದಿಲ್ಲಲ್ರಿ. ಹತ್ತಿ ನೋಡೂ ಅವರನ್ನ ಕರಸಿದ್ರು. ಅವರ ಮೆಟ್ಟಲ ಕೆಳಗ ನಿಂತು ಪೂರಾ ಓದಿ ಹೇಳಿದ್ರು ಕನ್ನಡದಾಗ. ನಾವೆಲ್ಲಾ ಕೇಳೇವಿ."

"ಬೆಂಚಿಂದೂ?"

"ಅದನ್ನ ಜೋರಾಗಿ ಓದಿದ್ರು."

"ಚೀಟಿ ಮಾತ ಬಂತೇನು?"

"ನಿಮ್ಮ ಕಾಗದದಾಗ ಇದ್ರ ಬರತಿತ್ತು." ಆಮೇಲೆ ಒಂದು ಮಾತು ಸೇರಿಸಿದಳು. "ಈಗ ಕಚೇರಿ ಒಳಗ ಕುಂತೀರಲ್ಲ, ಇನ್ನ ಮ್ಯಾಲ ನೀವ ಬರಿಯೂ ಚೀಟಿ ಲಗೂನ ಹೊರಗ ಬರಲಿ."

ಅವರು ಸಾಹುಕಾರರಿಗೆ ಹೇಳಬಹುದಿತ್ತು. ಸಾವ್ಕಾರ್ರ, ನಾ ನೋಡೂದು ಎಂಟ ನಿಮಿಷ, ಉಳಿದದ್ದು ಕಲ್ಲಿಂದು. ಹೇಳಲಿಲ್ಲ. ನಾನು ಬರೆದದ್ದನ್ನು ಬರೆದ ಹಾಗೆಯೇ ಓದಿದರು. ನನ್ನನ್ನು ಕಾಯ್ದರೋ, ಕನಿಕರಪಟ್ಟರೋ, ಇಂಥವರ ಮುಂದೆ ಏನು ಹೇಳುವುದು ಎಂದು ಬಿಟ್ಟರೋ. ಒಂದೊಂದು ದಿನ ಒಂದೊಂದನ್ನು ನಂಬುತ್ತೇನೆ. ಅದು ಹೆಚ್ಚಾಗಿ ಆ ದಿನ ನನಗೆ ಯಾವುದು ಹಗುರ ಎಂಬುದರ ಮೇಲೆ ಹೋಗುತ್ತದೆ.

ಅವರು ಸಾಲಹಳ್ಳಿಗೆ, ತಮ್ಮ ತಂಗಿಯ ಊರಿಗೆ ಹೋದರು. ಅಲ್ಲಿಗೆ ಇಲ್ಲಿಂದ ಬಸ್ಸಿದೆ. ನಾನು ಹೋಗಲಿಲ್ಲ. ಮೊದಲ ವರ್ಷ ರಜೆ ಇಲ್ಲ ಎಂದುಕೊಂಡೆ, ಆಮೇಲೆ ಅಷ್ಟೂ ಅಂದುಕೊಳ್ಳಲಿಲ್ಲ. ಇಲ್ಲಿ ಬುಟ್ಟಿಯ ಹತ್ತಿಯನ್ನು ನಾನೇ ನೋಡುತ್ತೇನೆ. ಹಸಿ ಹತ್ತಿ ಎಷ್ಟೋ ಸಲ ದಾಟಿ ಹೋಗುತ್ತದೆ. ಸಾಹುಕಾರರಿಗೆ ಗೊತ್ತಿದೆ, ಆದರೂ ಗಾಡಿಗಳು ನಿಲ್ಲುವುದಿಲ್ಲವಲ್ಲ ಎನ್ನುತ್ತಾರೆ. ಈ ಬರಹವನ್ನು ಬರೆಯುತ್ತಿರುವುದೂ ಆ ಗುಮಾಸ್ತರ ಮೇಜಿನ ಮೇಲೆ, ಊಟದ ಹೊತ್ತಿನಲ್ಲಿ. ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು.

ಸಾಲಹಳ್ಳಿಯ ರೈತರನ್ನು, ಅವರು ಎಂದಾದರೂ ನನ್ನ ಸುದ್ದಿ ತೆಗೆದಿದ್ದರೇ ಎಂದು ಕೇಳಿದೆ. "ಇಲ್ಲಿ ಸುದ್ದಿನ ತಗೀತಿರಲಿಲ್ಲರಿ ಅಂವ. ಮುಂಬೈದ್ದ ಹೇಳ್ತಿದ್ದ" ಎಂದರು.

ಕಾರ್ಬನ್ ಪ್ರತಿ ಸಾಹುಕಾರರ ಕೈಗೆ ಹೋದದ್ದು ಹೇಗೆ? ಅವರೇ ಕೊಟ್ಟಿರಬಹುದು. ಆ ಸಂಜೆ ಓದಿದ ಪ್ರತಿಯನ್ನು ನಾನು ತಿರುಗಿ ಇಸಿದುಕೊಂಡೆನೋ ಇಲ್ಲವೋ ನೆನಪಾಗುತ್ತಿಲ್ಲ. ಅಪ್ಪ ಕೊಟ್ಟಿರಬಹುದು, ಮಗನ ಕೀರ್ತಿ ತೋರಿಸಲು. ಕೇಳಿದಾಗ ಅಪ್ಪ, "ನೀನ ಒಯ್ದು ಕೊಟ್ಟೆಲ್ಲೋ, ಮುಂಬೈಗೆ ಹೋಗೂ ಮುಂಜಾನಿ" ಎಂದರು. ಆ ಮುಂಜಾನೆ ನಾನು ಬಸ್ ನಿಲ್ದಾಣಕ್ಕೆ ನೇರವಾಗಿ ಹೋದೆ ಎಂದೇ ನನ್ನ ನೆನಪು. ಜಿನ್ನು ಅದೇ ದಾರಿಯಲ್ಲಿದೆ. ನಾನು ಒಳಗೆ ಹೋಗಲಿಲ್ಲ ಎಂದು ಹೇಳಲಾರೆ. ಹೋದೆ ಎಂದೂ ಹೇಳಲಾರೆ. ಅದನ್ನು ತಿಳಿದಿರುವವರು ಸಾಹುಕಾರರು. ಅವರನ್ನು ನಾನು ಇಷ್ಟು ವರ್ಷದಿಂದ ದಿನಾಲು ನೋಡುತ್ತಿದ್ದೇನೆ. ಕೇಳಿಲ್ಲ.